ಕಾಗೆ ಓಡಿಸುವಾಗ ತೆಗೆದದ್ದು

ಸೆಪ್ಟೆಂಬರ್ 24, ಬುಧವಾರ. ಬೆಳಿಗ್ಗೆ

ಈ ಪುಸ್ತಕ ತೆಗೆದವರು ಯಾರೇ ಆಗಲಿ, ನಿಮ್ಮ ಕೈಗಿಷ್ಟು ಬೆಂಕಿ ಹಾಕ. ಶೃತಿ, ನೀನಾದರೆ ಇಲ್ಲೇ ಮುಚ್ಚು. ಅಜ್ಜಿಯ ಪುಸ್ತಕ ಓದುವಷ್ಟು ಪುರುಸೊತ್ತಿದ್ದರೆ ಹೋಗಿ ನಿನ್ನ ಹಾಸಿಗೆ ಮಡಚು. ಶ್ವೇತ, ನೀನಾದರೆ — ಸೊಸೆ ಅಂತ ಸುಮ್ಮನಿರುವವಳಲ್ಲ ನಾನು, ನಿನಗೇ ಗೊತ್ತು. ಮಗನ ಭಯವಿಲ್ಲ. ಅವನು ಕರೆಂಟ್ ಬಿಲ್ಲನ್ನೇ ಓದುವುದಿಲ್ಲ.

ಹಾಲು ಉಕ್ಕಿತು. ಒಲೆಯೆಲ್ಲ ಆಯಿತು. ಕೈ ಇಲ್ಲಿತ್ತು, ಮನಸ್ಸು ಮೇಲಿನ ಮನೆಯಲ್ಲಿತ್ತು. ನಾಳೆ ಟೀಚರಮ್ಮ ಖಾಲಿ ಮಾಡುತ್ತಾರೆ.

ಸೀತಾಲಕ್ಷ್ಮಿ ಟೀಚರ್. ಇಲ್ಲೇ ಬೆಂಗಳೂರಿನ ಸಿದ್ದಾಪುರದ ಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ಯಡಿಯೂರಿನ ಈ ನಮ್ಮ ಮನೆಗೆ ಬಾಡಿಗೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಈಗ ಮಂಡಿ ನೋವು, ಮೆಟ್ಟಿಲು ಹತ್ತಲಾರರು. ಮೈಸೂರಿನಲ್ಲಿ ತಮ್ಮನ ಮಗಳು ವಿಭಾ ಇದ್ದಾಳೆ. ಅವಳ ಮನೆಗೆ ಮೆಟ್ಟಿಲೇ ಇಲ್ಲವಂತೆ. ನಮ್ಮ ಕೆಳಗಿನ ಕೋಣೆಗೇ ಬನ್ನಿ ಎಂದೆ.

“ಓನರ್ ಮನೆಯೊಳಗೆ ಬಾಡಿಗೆಯವಳು ಬಂದು ಕೂತ್ರೆ ಚೆನ್ನಾಗಿರಲ್ಲ ಗೌರಮ್ಮನೋರೆ.”

ಮೂವತ್ತು ವರ್ಷ ನನ್ನ ಅಡಿಗೆಮನೆಯಲ್ಲಿ ಕೂತು ನನ್ನ ಹುಳಿಗೆ ಉಪ್ಪು ಕಮ್ಮಿ ಎಂದವರು ಹೇಳುವ ಮಾತಾ ಇದು!

ಈ ಪುಸ್ತಕವೂ ಅವರೇ ಕೊಟ್ಟದ್ದು. ನನ್ನ ಮೂರನೇ ಕ್ಲಾಸಿನ ಅಕ್ಷರ ತುಕ್ಕು ಹಿಡಿಯಬಾರದು, ದಿನಾ ನಾಲ್ಕು ಸಾಲು ಬರೆಯಿರಿ ಎಂದರು. ತಿದ್ದಿಕೊಡುತ್ತೀರಾ ಎಂದೆ. ಬೇರೆಯವರ ದಿನಚರಿ ನಾನು ಓದಲ್ಲ ಎಂದರು. ಹಾಗೆನ್ನುವಾಗ ಕೆಂಪು ಪೆನ್ನು ಕೈಯಲ್ಲೇ ಇತ್ತು.

ಅದೇ ದಿನ, ಸಂಜೆ

ಬರೆಯದೆ ಮಲಗಲಾರೆ. ಟೀಚರಮ್ಮ ಫೋಟೋಗೆ ಕೂತರು!

ಅವರ ತುಟಿಯ ಸುತ್ತ, ಕಣ್ಣಿನ ಕೆಳಗೆ, ಬೆರಳ ತುದಿಗಳಲ್ಲಿ ಬಿಳಿ. ತೊನ್ನು. ಹುಡುಗಿಯಾಗಿದ್ದಾಗಲೇ ಶುರುವಾಯಿತಂತೆ. ಮದುವೆಯಾಗಲಿಲ್ಲ. ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ ಫೋಟೋದವನು ಬಂದ ಕೂಡಲೇ ಪಾಯಸ ಬಡಿಸುವ ನೆಪ ಮಾಡಿ ಎದ್ದುಬಿಡುವರು. ಸ್ಕೂಲಿನ ಗ್ರೂಪ್ ಫೋಟೋ ದಿನ ರಜೆ. ಆಧಾರ್ ಕಾರ್ಡಿನ ಫೋಟೋ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿಕೊಂಡಿದ್ದಾರೆ, ಪುಣ್ಯಾತ್ಗಿತ್ತಿ. ನಮ್ಮ ಮನೆಯಲ್ಲಿ ಆಲ್ಬಮ್ಮುಗಳ ರಾಶಿ ಇದೆ. ಒಂದರಲ್ಲೂ ಅವರಿಲ್ಲ. ಯಾವುದೋ ಒಂದರಲ್ಲಿ ಮೂಲೆಯಲ್ಲಿ ಸೆರಗು ಇದೆ.

ಮೊಮ್ಮಗಳ ಹತ್ತಿರ ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾ ಇದೆ. ಅವಳು ಹುಟ್ಟಿದಾಗ ಅವಳಪ್ಪ ತಂದದ್ದು, ಬೀರುವಿನಲ್ಲಿ ಬಿದ್ದಿತ್ತು. ಈಗ ಕಾಲೇಜಿನ ಹುಡುಗಿಯರಿಗೆಲ್ಲ ಇಂಥ ಹಳೆಯದೇ ಬೇಕಂತೆ. ಅದನ್ನು ಹಿಡಿದುಕೊಂಡು ಮಧ್ಯಾಹ್ನ ಮೇಲೆ ಹೋದಳು. ಹಿಂದೆ ನಾನು, ಇವಳು ಬೈಸಿಕೊಳ್ಳುವುದನ್ನು ನೋಡೋಣ ಎಂದು.

“ಟೀಚರಜ್ಜಿ, ಒಂದೇ ಒಂದು. ಪ್ಲೀಸ್.”

“ಬೇಡ ಕಣಮ್ಮ. ಫೋನಲ್ಲಿ ತೆಗೆದ್ರೆ ಅದು ಎಲ್ಲೆಲ್ಲಿಗೋ ಹೋಗುತ್ತೆ.”

“ಫೋನಲ್ಲ ಇದು. ನೋಡಿ, ಇದ್ರೊಳಗೆ ಒಂದು ಕಾರ್ಡ್ ಇರುತ್ತೆ. ಫೋಟೋ ಅದ್ರಲ್ಲೇ ಇರುತ್ತೆ. ತಾನಾಗೇ ಎಲ್ಲಿಗೂ ಹೋಗಲ್ಲ.”

ಮುಚ್ಚಳ ತೆಗೆದು ತೋರಿಸಿದಳು. ಬಿಸ್ಕತ್ತಿನ ಚೂರಿನಷ್ಟಿದೆ. ಟೀಚರಮ್ಮ ಅಂಗೈಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಇಷ್ಟ್ರೊಳಗೆ ನಾನಿರ್ತೀನಾ?”

“ನೀವೂ ಇರ್ತೀರ, ಅಜ್ಜಿನೂ ಇರ್ತಾಳೆ.”

“ಗೌರಮ್ಮನೋರು ಇದ್ರಲ್ಲಿ ಹಿಡಿಸ್ತಾರಾ?”

ನನಗೆ! ಹೊರಡುವ ಮುಂಚಿನ ದಿನವೂ ಬಿಡಲಿಲ್ಲ.

ಹಸಿರು ಅಂಚಿನ ಕಾಟನ್ ಸೀರೆ ಉಟ್ಟರು. ತಲೆಗೆ ಕನಕಾಂಬರ. ಮುಖದ ತುಂಬ ಪೌಡರ್, ಗೋಡೆಗೆ ಸುಣ್ಣ ಬಳಿದ ಹಾಗೆ. ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು, ಅವರು ಒಂದು ಮೆಟ್ಟಿಲು ಮೇಲೆ, ನಾನು ಕೆಳಗೆ. ಕಾರ್ಡಿನಲ್ಲಿ ಇನ್ನು ಒಂದೆರಡಕ್ಕೇ ಜಾಗ ಎಂದಿತು ಕ್ಯಾಮೆರಾ. ಶೃತಿ ತನ್ನ ಕಾಲೇಜಿನದೆಷ್ಟೋ ಅಲ್ಲೇ ಅಳಿಸಿ ಟೀಚರಮ್ಮನಿಗೆ ಜಾಗ ಮಾಡಿದಳು. ಕ್ಲಿಕ್ ಕ್ಲಿಕ್ ಎಂದು ಎಷ್ಟೊಂದು ತೆಗೆದಳು.

ಬೇಸಿಗೆಯಲ್ಲಿ ಇದೇ ಹುಡುಗಿ ಕದ್ದು ಒಂದು ತೆಗೆದಿದ್ದಳು. ತಾರಸಿಯಲ್ಲಿ ಹಪ್ಪಳ ಒಣಗಹಾಕಿ ಇಬ್ಬರೂ ಕಾವಲು ಕೂತಿದ್ದೆವು. ಟೀಚರಮ್ಮನಿಗೆ ಕ್ಲಿಕ್ ಕೇಳಿಸಿಬಿಟ್ಟಿತು. ತೋರಿಸು ಎಂದರು. ನೋಡಿದರು. ಮುಖ ಸಣ್ಣಗಾಯಿತು. “ಅಳಿಸು.” ನಾನೂ “ಅಳಿಸೇ” ಎಂದು ಗದರಿದೆ. ಎದುರಿಗೆ ನಿಂತು ಅಳಿಸಿಸಿದರು. ನಾನು ಅದನ್ನು ನೋಡಲೂ ಇಲ್ಲ. ಆಮೇಲೆ ಎರಡು ದಿನ ಅವರು ಕೆಳಗೆ ಇಳಿಯಲಿಲ್ಲ.

ಅಂಥವರು ಇವತ್ತು ತಾವೇ ಕೇಳಿದರು: “ಮೆಟ್ಟಿಲ ಮೇಲೆ ಕೂತಿರೋದು ಒಂದು ಪ್ರಿಂಟ್ ಹಾಕಿಸಿ ಕಳ್ಸಿ ಗೌರಮ್ಮನೋರೆ. ಮೈಸೂರಲ್ಲಿ ಇಟ್ಕೋತೀನಿ.”

ಕಳಿಸುತ್ತೇನೆ ಎಂದೆ. ದೇವರ ಮೇಲೆ ಆಣೆ ಹಾಕಿದೆ, ಅವರು ಬೇಡ ಎಂದರೂ.

ಸೆಪ್ಟೆಂಬರ್ 25

ಹೋದರು. ತುಳಸಿ ಕುಂಡ, ಒಂದು ಟ್ರಂಕು ಉಳಿದಿವೆ. ದೀಪಾವಳಿ ಆದಮೇಲೆ ವಿಭಾ ಬಂದು ಒಯ್ಯುತ್ತಾಳಂತೆ.

ಸಂಜೆ ಮೇಲೆ ಹೋಗಿ ನೋಡಿದೆ. ಬಚ್ಚಲು ಉಜ್ಜಿ ತೊಳೆದಿದ್ದಾರೆ. ಕಿಟಕಿಯ ಗಾಜೂ ಒರೆಸಿದ್ದಾರೆ. ಬೈಯಲು ಒಂದೇ ಒಂದು ಕಾರಣ ಬಿಟ್ಟು ಹೋಗಿಲ್ಲ.

ಅಕ್ಟೋಬರ್ 1, ಆಯುಧ ಪೂಜೆ

ಬೆಳಿಗ್ಗೆಯಿಂದ ಬೆನ್ನು ನೆಟ್ಟಗಾಗಿಲ್ಲ. ಈಳಿಗೆಮಣೆ, ಕುಡುಗೋಲು — ಹೊಲವಿಲ್ಲ, ಕುಡುಗೋಲಿದೆ, ನಮ್ಮ ಮಾವನವರದು — ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಬೋರಿನ ಮೋಟರ್, ಶೃತಿಯ ಲ್ಯಾಪ್‌ಟಾಪ್. ಎಲ್ಲ ಒರೆಸಿ ವಿಭೂತಿ ಕುಂಕುಮ ಇಟ್ಟೆ.

ಕ್ಯಾಮೆರಾವನ್ನೂ ತಂದೆ. ಟೀಚರಮ್ಮ ಇರುವ ಕ್ಯಾಮೆರಾ, ಅದಕ್ಕೆ ಮಾತ್ರ ಹೊಸ ಬಟ್ಟೆ. ಗುಂಡಿಗಳ ಸಂದಿಯಲ್ಲಿ ಕೊಳೆ ಕೂತಿತ್ತು. ಬಟ್ಟೆ ಒದ್ದೆ ಮಾಡಿ ಹಿಂಡಿ ಒತ್ತಿ ಒತ್ತಿ ಒರೆಸಿದೆ. ದೀಪ ಹತ್ತಿಕೊಂಡಿತು. ಇಂಗ್ಲಿಷಿನಲ್ಲಿ ಏನೇನೋ ಬಂದವು. ಇನ್ನೂ ಒರೆಸಿದೆ. ಕೊನೆಗೆ ಏನೋ ಒಂದು ಕೇಳಿ ನಿಂತಿತು. ಕೆಳಗೆ ‘ಓಕೆ’ ಎಂದಿತ್ತು. ಆ ಎರಡಕ್ಷರ ನನಗೆ ಗೊತ್ತು, ಫೋನಿನಿಂದ ಕಲಿತದ್ದು. ಹಬ್ಬದ ದಿನ, ಪೂಜೆಗಿಡುವ ಸಾಮಾನು ಬಾಯಿಬಿಟ್ಟು ಏನೋ ಕೇಳುತ್ತಿದೆ, ಬೇಡ ಎನ್ನಬಾರದು. ಓಕೆ ಒತ್ತಿದೆ. ಏನೋ ಒಂದು ತಿರುಗಿತು. ಆಮೇಲೆ ತೆಪ್ಪಗಾಯಿತು. ಕುಂಕುಮ ಇಟ್ಟೆ. ಸೇವಂತಿಗೆ ಇಟ್ಟೆ.

ಪೂಜೆ ಆಗುತ್ತಿದ್ದ ಹಾಗೆ ಶೃತಿ ಅದಕ್ಕೆ ಕೈ ಹಾಕಿದಳು.

“ಮುಟ್ಬೇಡ. ನಾಳೆ ಕದಲಿಸೋವರೆಗೂ ಮುಟ್ಟೋ ಹಾಗಿಲ್ಲ.”

“ಅಜ್ಜಿ, ಪೂಜೆ ಫೋಟೋ ತೆಗೀಬೇಕಲ್ಲ!”

“ಫೋನಲ್ಲಿ ತೆಗಿ.”

“ಫೋನನ್ಯಾಕೆ ಪೂಜೆಗೆ ಇಟ್ಟಿಲ್ಲ ಹಂಗಾದ್ರೆ?”

“ಅದು ಆಯುಧ ಅಲ್ಲ. ಪೀಡೆ.”

ಮುಖ ಊದಿಸಿಕೊಂಡು ಹೋದಳು. ಊದಿಸಿಕೊಳ್ಳಲಿ. ನಮ್ಮ ಮಾವನವರ ಕಾಲದಿಂದ ನಡೆದ ಪದ್ಧತಿ. ಪೂಜೆಗಿಟ್ಟ ಕುಡುಗೋಲಿಗೂ ಒಂದು ದಿನ ರಜೆ.

ಅಕ್ಟೋಬರ್ 2. ಮಧ್ಯಾಹ್ನ

ಏನು ಮಾಡಿಬಿಟ್ಟೆ.

ಬೆಳಿಗ್ಗೆ ಕದಲಿಸಿದ್ದಾಯಿತು. ಮಗ ಕಾರು ತೆಗೆದ, ಚಕ್ರದ ಕೆಳಗೆ ನಿಂಬೆಹಣ್ಣು. ಶೃತಿ ಕ್ಯಾಮೆರಾ ಹಿಡಿದು ನಿಂಬೆಹಣ್ಣಿನದು ಒಂದಿಷ್ಟು, ಒಡೆದ ಬೂದುಗುಂಬಳದ್ದು ಒಂದಿಷ್ಟು ತೆಗೆದಳು. ಆಮೇಲೆ ಹಿಂದಿನದು ನೋಡಲು ಹೋದಳು. ಕಿರುಚಿದಳು. ನಾನು ಯಾರಿಗೋ ಕಾರು ತಾಗಿತು ಎಂದುಕೊಂಡೆ.

“ಅಜ್ಜೀ… ಇದ್ರಲ್ಲಿ ನಿಂಬೆಹಣ್ಣು ಬಿಟ್ಟು ಏನೂ ಇಲ್ಲ. ಯಾರು ಮುಟ್ಟಿದ್ದು?”

“ನಾನೇ. ಒರೆಸಿದೆ. ಅದೇನೋ ಕೇಳ್ತು, ಓಕೆ ಅಂದೆ.”

“ಏನ್ ಕೇಳ್ತು?”

“ನಂಗೇನೇ ಗೊತ್ತು? ಇಂಗ್ಲಿಷಲ್ಲಿ ಕೇಳ್ತು.”

ಫಾರ್ಮ್ಯಾಟ್ ಅಂತೆ. ಎಲ್ಲ ಅಳಿಸಲಾ ಎಂದು ಕೇಳಿದೆ ಅದು. ಅಳಿಸು ಎಂದಿದ್ದೇನೆ ನಾನು.

ಶೃತಿ ಅತ್ತಳು. ಬೇರೆಲ್ಲೂ ಹಾಕಿರಲಿಲ್ಲವಂತೆ. ಫೋನಿಗೆ ಹಾಕುವುದಿಲ್ಲ ಎಂದು ಟೀಚರಮ್ಮನಿಗೆ ಮಾತು ಕೊಟ್ಟಿದ್ದಳಂತೆ, ಪ್ರಿಂಟ್ ಹಾಕಿಸುವಾಗ ಕಾರ್ಡನ್ನೇ ಒಯ್ಯೋಣ ಎಂದು ಇಟ್ಟಿದ್ದಳಂತೆ. ಅಷ್ಟು ನಿಯತ್ತು ಇವಳಿಗೆ ಎಲ್ಲಿಂದ ಬಂತೋ, ಅದೂ ಈಗಲೇ ಬರಬೇಕಿತ್ತಾ!

ಸೊಸೆ ಬೈಯಲಿಲ್ಲ. “ಹೋಗ್ಲಿ ಬಿಡಿ ಅತ್ತೆ, ಬೇಕಂತ ಮಾಡಿದ್ರಾ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈದರೆ ತಿರುಗಿ ಬೈಯಲು ನನಗೆ ಬರುತ್ತದೆ. 

ಹೋಳಿಗೆ ಮಾಡಿದ್ದೆ. ನನ್ನ ಪಾಲಿನದನ್ನು ಶೃತಿಯ ತಟ್ಟೆಗೆ ಹಾಕಿದೆ.

ಅಕ್ಟೋಬರ್ 3

ಶೃತಿ ಯಾರನ್ನೋ ಕೇಳಿಕೊಂಡು ಬಂದಳು. ಹೋಗಿಲ್ಲವಂತೆ! ಫೋಟೋಗಳು ಕಾರ್ಡಿನಲ್ಲೇ ಇರುತ್ತವಂತೆ, ಕಣ್ಣಿಗೆ ಕಾಣದ ಹಾಗೆ ಆಗಿದೆ ಅಷ್ಟೆ. ಅದರ ಮೇಲೆ ಹೊಸದು ತೆಗೆದರೆ ಮಾತ್ರ ಹಳೆಯದು ನಿಜವಾಗಿ ಹೋಗುವುದಂತೆ.

ಇದು ನನಗೆ ಅರ್ಥವಾಗುತ್ತದೆ. ಊರಿನ ಸ್ಕೂಲಿನಲ್ಲಿ ಸ್ಲೇಟು ಒರೆಸುತ್ತಿದ್ದೆವು, ಎಂಜಲು ಹಚ್ಚಿ. ಒರೆಸಿದ ಮೇಲೂ ಬಿಸಿಲಿಗೆ ಓರೆ ಹಿಡಿದರೆ ಹಳೆಯ ಅಕ್ಷರ ಕಾಣುತ್ತಿತ್ತು. ಅದರ ಮೇಲೆ ಮತ್ತೆ ಬರೆದರೆ ಆಯಿತು, ಎರಡೂ ಕಲಸಿಹೋಗುತ್ತಿತ್ತು.

“ಅಜ್ಜಿ, ನೀನು ಮೊನ್ನೆ ಮುಟ್ಟಕ್ಕೆ ಬಿಡ್ಲಿಲ್ವಲ್ಲ, ಒಳ್ಳೇದೇ ಆಯ್ತು. ಪೂಜೆದು ನೂರಾರು ತೆಗೀತಿದ್ದೆ ನಾನು. ಎಲ್ಲಾ ಹೋಗ್ಬಿಡ್ತಿತ್ತು.”

ಅಳಿಸಿದವಳೂ ನಾನೇ, ಉಳಿಸಿದವಳೂ ನಾನೇ. ಹೊಗಳಿಸಿಕೊಳ್ಳಲೂ ಬಾಯಿಲ್ಲ.

ಕಾರ್ಡನ್ನು ಕ್ಯಾಮೆರಾದಿಂದ ತೆಗೆಸಿದೆ. ಕರ್ಪೂರದ ಡಬ್ಬಿಯಲ್ಲಿ ಹಾಕಿ ದೇವರ ಹಿಂದೆ ಇಟ್ಟಿದ್ದೇನೆ. ಯಾರಾದರೂ ಮುಟ್ಟಲಿ, ನೋಡುತ್ತೇನೆ.

ಅಕ್ಟೋಬರ್ 6

ಟೀಚರಮ್ಮನ ಫೋನು.

“ಫೋಟೋ ಏನಾಯ್ತು ಗೌರಮ್ಮನೋರೆ?”

“ಸ್ಟುಡಿಯೋದವ್ನು ದಸರಾ ರಜೆ ಹಾಕಿದಾನೆ.”

“ದಸರಾ ಮುಗೀತಲ್ಲ?”

“ಅವನಿಗೆ ಮುಗಿದಿಲ್ಲ.”

ನಕ್ಕರು. ಆಮೇಲೆ ಹೇಳಿದರು, ಪಕ್ಕದ ಮನೆಯಾಕೆ ಕೇಳಿದಳಂತೆ, ಬೆಂಗಳೂರಿನಲ್ಲಿ ಒಬ್ಬರೇ ಇದ್ದಿರಾ ಎಂದು. “ಇಲ್ಲ, ಗೌರಮ್ಮನೋರು ಇದ್ರು ಅಂದೆ. ಯಾರು ಗೌರಮ್ಮ ಅಂದ್ರು. ಅಕ್ಕ ಅಲ್ಲ, ತಂಗಿ ಅಲ್ಲ, ಏನಂತ ಹೇಳ್ಲಿ? ತೋರಿಸಿದ್ರೆ ಆಗೋದು. ಫೋಟೋ ಬರ್ಲಿ, ತೋರಿಸ್ತೀನಿ ಅಂದಿದೀನಿ.”

ತನ್ನ ಮುಖವಿರುವ ಫೋಟೋವನ್ನು ತಾನಾಗಿ ಇನ್ನೊಬ್ಬರಿಗೆ ತೋರಿಸುತ್ತಾರಂತೆ. ಆಧಾರಿಗೆ ಸ್ಟಿಕ್ಕರ್ ಹಾಕಿದ ಹೆಂಗಸು.

ಫೋನಿಟ್ಟು ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ. ಬೇಕಿರಲಿಲ್ಲ. ಕಣ್ಣಿಗೆ ನೆಪ ಬೇಕಿತ್ತು.

ಅಕ್ಟೋಬರ್ 12, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಕಾರ್ಡು ಲ್ಯಾಪ್‌ಟಾಪಿಗೆ ಹೊಂದುವುದಿಲ್ಲ, ಅದಕ್ಕೊಂದು ರೀಡರ್ ಬೇಕು ಎಂದಳು. ರೀಡರ್ ಬಂತು. ಪರೀಕ್ಷೆ ಎಂದಳು. ಪರೀಕ್ಷೆ ಮುಗಿಯಿತು. ಮೊದಲ ಸಲ ಹಾಕಿದಾಗ ಸೊನ್ನೆ ಎಂದು ಬಂತು. ಸೊನ್ನೆ ನನಗೆ ಓದಲು ಬರುತ್ತದೆ.

ಇವತ್ತು ಬೇರೆ ಪ್ರೋಗ್ರಾಂ ಹಾಕಿದಳು. ಊಟವಾದ ಮೇಲೆ ಡೈನಿಂಗ್ ಟೇಬಲ್ಲಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಕೂತೆವು. ಹಸಿರು ಗೆರೆಯೊಂದು ಇರುವೆಯ ಹಾಗೆ ಹೊರಟಿತು. ನಾನು ಎದ್ದು ಕಾಫಿ ಮಾಡಿದೆ. ಕುಡಿದೆವು. ಇರುವೆ ಅರ್ಧದಲ್ಲಿತ್ತು.

ಆಮೇಲೆ ಒಂದೊಂದೇ ಬಂದವು. ಶೃತಿಯ ಗೆಳತಿಯರು, ನಾಲಿಗೆ ಚಾಚಿಕೊಂಡು. ಯಡಿಯೂರು ಕೆರೆಯ ಬಾತುಕೋಳಿ. ಮತ್ತೆ ನಾಲಿಗೆ. ಮನೆಯಲ್ಲಿ ಬಾಯೊಳಗೆ ಇಟ್ಟುಕೊಳ್ಳಲು ಯಾರಾದರೂ ಹೇಳಿಕೊಡಬಾರದಾ ಇವಕ್ಕೆ.

ಆಮೇಲೆ ಮೆಟ್ಟಿಲು.

ಕನಕಾಂಬರ ಬಂತು. ಬೈತಲೆ ಬಂತು. ಹಣೆ, ಕುಂಕುಮ. ಅಲ್ಲಿಂದ ಕೆಳಗೆ ಬೂದಿ. ಒಲೆಯ ಬೂದಿಯನ್ನು ಮೊರದಲ್ಲಿ ಸುರಿದ ಹಾಗೆ, ಕೆಳಗೆಲ್ಲ ಒಂದೇ ಬಣ್ಣ. ಮುಂದಿನದೂ ಹಾಗೇ. ಒಂದರಲ್ಲಿ ಕಣ್ಣಿನವರೆಗೆ ಬಂದು ನಿಂತಿತು. ಯಾವುದರಲ್ಲೂ ಬಾಯಿಲ್ಲ. ನಾನು ಒಂದು ಮೆಟ್ಟಿಲು ಕೆಳಗೆ ಕೂತವಳು. ಎಲ್ಲದರಲ್ಲೂ ಪೂರ್ತಿ ಬೂದಿಯೊಳಗೆ.

“ಜಾಗ ಮಾಡಿದ್ನಲ್ಲ ಅಜ್ಜಿ, ಆ ಜಾಗದಲ್ಲಿ ಟೀಚರಜ್ಜಿ ಕೂತಿದ್ರು. ನಿಂಬೆಹಣ್ಣು ಬಂದು ಅವ್ರ ಮೇಲೇ ಕೂತ್ಬಿಟ್ಟಿದೆ.”

ಸಾಕು, ಮುಚ್ಚು ಎಂದೆ. ಇನ್ನು ಸ್ವಲ್ಪ ಇದೆ, ಮುಗಿಯಲಿ ಎಂದಳು.

ಕೊನೆಯಲ್ಲಿ ಒಂದು ಬಂತು. ಶೃತಿ ಬಾಯಿಗೆ ಕೈ ಇಟ್ಟುಕೊಂಡಳು.

“ಅಜ್ಜಿ… ಇದು ಅಳಿಸಿದ್ದು. ಹಪ್ಪಳದ ದಿನದ್ದು. ಅವ್ರ ಮುಂದೇನೇ ಅಳಿಸಿದ್ದು.”

ಪೂರ್ತಿ ಇದೆ. ಒಂದು ಗೆರೆಯೂ ಬಿದ್ದಿಲ್ಲ.

ನಾನು ಮಾರಿಯ ಹಾಗಿದ್ದೇನೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ತುರುಬು ಬಿಚ್ಚಿಹೋಗಿ, ಬಾಯಿ ಇಷ್ಟಗಲ ತೆರೆದು ಕಾಗೆಗೆ ಬೈಯುತ್ತಿದ್ದೇನೆ. ನನ್ನ ಹವಾಯಿ ಚಪ್ಪಲಿ ಗಾಳಿಯಲ್ಲಿದೆ. ಕಾಗೆ ನನಗೆ ಹೆದರಿದಂತೆ ಕಾಣುವುದಿಲ್ಲ. ಪಕ್ಕದಲ್ಲಿ ಟೀಚರಮ್ಮ. ಪೌಡರಿಲ್ಲ. ಬಿಸಿಲಿಗೆ ಮುಖವೆತ್ತಿ ನಗುತ್ತಿದ್ದಾರೆ. ಬಾಯಿಗೆ ಸೆರಗು ಅಡ್ಡವಿಲ್ಲದೆ ಅವರು ನಗುವುದನ್ನು ನಾನು ದಿನಾ ನೋಡಿದ್ದೇನೆ, ಫೋಟೋದಲ್ಲಿ ನೋಡಿರಲಿಲ್ಲ. ನಾನು ಮುಗ್ಗರಿಸಿ ಬೀಳದ ಹಾಗೆ ನನ್ನ ತೋಳು ಹಿಡಿದಿದ್ದಾರೆ. ಬೆರಳ ತುದಿಯೆಲ್ಲ ಬಿಳಿ. ಎಷ್ಟು ಹಪ್ಪಳದ ಹಿಟ್ಟು, ಎಷ್ಟು ಚರ್ಮ, ಎಷ್ಟು ನೋಡಿದರೂ ತಿಳಿಯಲಿಲ್ಲ.

ಅಕ್ಟೋಬರ್ 13

ಮನೆಯಲ್ಲಿ ಎಲ್ಲರಿಗೂ ಒಂದೊಂದು ಬುದ್ಧಿ.

ಶೃತಿ: “ವಿಭಾ ಆಂಟಿಗೆ ವಾಟ್ಸಾಪ್ ಮಾಡ್ತೀನಿ. ಸಖತ್ತಾಗಿದೆ ಅಜ್ಜಿ. ನೋಡಿದ್ರೆ ಅವ್ರಿಗೂ ಇಷ್ಟ ಆಗುತ್ತೆ.”

“ಕಳ್ಸಿದ್ರೆ ಕೈ ಮುರೀತೀನಿ. ಬೇಡ ಅಂದಿದ್ದನ್ನ ಊರಿಗೆಲ್ಲ ಹಂಚ್ತೀಯಾ?”

ಸೊಸೆ: “ಹಾಗಾದ್ರೆ ಅಳಿಸ್ಬಿಡಿ ಅತ್ತೆ. ಇಲ್ಲಾಂದ್ರೆ ನೀವೇ ಇಟ್ಕೊಳ್ಳಿ. ಹೆಂಗಿದ್ರೂ ಅವ್ರಿಗೆ ಗೊತ್ತೇ ಆಗಲ್ಲ.”

ಅದೇ ನನಗೆ ಆಗದ್ದು. ಅವರ ಮುಖ ಇದು. ಅವರನ್ನು ಕೇಳದೆ ಇಟ್ಟುಕೊಂಡರೂ ಕಳ್ಳತನ. ಕೇಳದೆ ಅಳಿಸೋಣವೆಂದರೆ, ಒಂದು ಸಲ ಕೇಳದೆ ಅಳಿಸಿ ನೋಡಿದ್ದಾಯಿತಲ್ಲ.

ಮಗನನ್ನು ಕೇಳಿದೆ. “ಫೋಟೋ ಚೆನ್ನಾಗಿದೆ” ಎಂದು ಕಾರು ತೊಳೆಯಲು ಹೋದ.

ಬೇಸಿಗೆಯಲ್ಲಿ ಅವರು ಇದರಲ್ಲಿ ಏನು ನೋಡಿದರು? ತುಟಿಯ ಬಿಳಿಯನ್ನು ನೋಡಿದರು. ನಾನು ಈಗ ನೋಡಿದರೆ ಮೊದಲು ಕಾಣುವುದು ಚಪ್ಪಲಿ.

ಅಕ್ಟೋಬರ್ 16, ಗುರುವಾರ

ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆವು, ನಾನೂ ಶೃತಿಯೂ. ಪ್ರಿಂಟ್ ಹಾಕಿಸೋಣ, ಆಮೇಲೆ ಯೋಚನೆ ಮಾಡೋಣ ಎಂದು. ದೀಪಾವಳಿ ಜನ, ಕಾಲಿಡಲು ಜಾಗವಿಲ್ಲ. ಸ್ಟುಡಿಯೋ ಅನಂತರಾಮು ಹಳಬ, ಮಗನ ಮದುವೆಯ ಆಲ್ಬಮ್ ಮಾಡಿದವನು. ಆಗಲೂ ಮಾತು ಜಾಸ್ತಿ.

ಕಂಪ್ಯೂಟರಿನಲ್ಲಿ ಫೋಟೋ ನೋಡಿ, “ಅಮ್ಮಾ, ಇವ್ರ ಮುಖದ್ದು ಬಿಳಿ ತೆಗೆದ್ಬಿಡ್ಲಾ? ಈಗ ಎಲ್ಲಾ ಆಗುತ್ತೆ. ಐದು ನಿಮಿಷ.”

ಬೈಯಲು ಬಾಯಿ ತೆರೆದೆ. ಮುಚ್ಚಿದೆ. ಹೀಗೆ ಮಾಡಿ ಕೊಟ್ಟರೆ ಟೀಚರಮ್ಮ ಇದನ್ನು ಹರಿದುಹಾಕುವುದಿಲ್ಲವೇನೋ. ಗೋಡೆಗೆ ಹಾಕಿಕೊಂಡಾರು. ಆ ಮೈಸೂರಿನಾಕೆಗೆ ತೋರಿಸಿಯಾರು.

“ಮಾಡು, ನೋಡೋಣ” ಎಂದೆ. ಶೃತಿ ನನ್ನ ಮುಖ ನೋಡಿದಳು.

ಮಾಡಿದ. ತುಟಿ ಒಂದೇ ಬಣ್ಣವಾಯಿತು. ಕಣ್ಣ ಕೆಳಗೆ ನುಣ್ಣಗಾಯಿತು. ಬೆರಳುಗಳೂ ಸರಿಯಾದವು. ಟಿವಿ ಸೀರಿಯಲ್ಲಿನಲ್ಲಿ ಅತ್ತೆ ಪಾರ್ಟು ಮಾಡುವ ಯಾರೋ ನನ್ನ ತೋಳು ಹಿಡಿದು ನಗುತ್ತಿದ್ದಳು. ನನಗೆ ಆಕೆಯ ಪರಿಚಯವಿಲ್ಲ.

“ಚೆನ್ನಾಗಾಯ್ತಲ್ಲಮ್ಮ?”

“ಟೀಚರಮ್ಮ ಎಲ್ಲಿ ಹೋದ್ರು?”

“ಇವ್ರೇ ಅಲ್ವಾ?”

“ಅಲ್ಲ. ಮೊದ್ಲಿದ್ದೋರ್ನ ವಾಪಸ್ ಕರಿ.”

ಒಂದು ಗುಂಡಿ ಒತ್ತಿದ. ಟೀಚರಮ್ಮ ಬಂದರು. ಜೀವ ಬಂತು.

“ನನ್ನ ಮುಂದಿನ ಎರಡು ಹಲ್ಲಿಲ್ವಲ್ಲ, ಅದು ಹಾಕ್ಕೊಡ್ತೀಯಾ?” ಎಂದು ಕೇಳಿದೆ, ಅವನಿಗೆ ಬೇಜಾರಾಗಬಾರದೆಂದು.

“ಹಾಕ್ಬೋದು ಅಮ್ಮ! ಎಂಥದು ಬೇಕು?”

“ಬೇಡಪ್ಪ. ಹಲ್ಲಿದ್ರೆ ಕಾಗೆ ನಂಬಲ್ಲ.”

ಒಂದೇ ಒಂದು ಪ್ರಿಂಟ್ ಹಾಕಿಸಿದೆ. ಅವನ ಕಂಪ್ಯೂಟರಿನಿಂದ ತೆಗೆಸಿದೆ, ಎದುರಿಗೆ ನಿಂತು, ಟೀಚರಮ್ಮ ನಿಂತ ಹಾಗೆ.

ಅಕ್ಟೋಬರ್ 20, ನರಕ ಚತುರ್ದಶಿ

ಎಣ್ಣೆಸ್ನಾನ, ಕಜ್ಜಾಯ, ಪಟಾಕಿ ಹೊಗೆ. ಹತ್ತು ಗಂಟೆಗೆ ಟೀಚರಮ್ಮನ ಫೋನು. ಹಬ್ಬದ ಮಾತಾಯಿತು. ವಿಭಾ ಶನಿವಾರ ಬಂದು ತುಳಸಿ ಕುಂಡ, ಟ್ರಂಕು ತರುತ್ತಾಳೆ ಎಂದರು. ಫೋಟೋ ಕೇಳಲಿಲ್ಲ. ನಾನು ಅದೇ ನಿರಾಳದಲ್ಲಿ ಕಜ್ಜಾಯದ ಪಾಕದ ವಿಷಯ ತೆಗೆದೆ.

ಇಡುವ ಮುಂಚೆ ಮೆಲ್ಲಗೆ ಹೇಳಿದರು:

“ಗೌರಮ್ಮನೋರೆ, ಫೋಟೋ ವಿಚಾರ ಬಿಟ್ಬಿಡಿ. ನನಗೆ ಅರ್ಥ ಆಯ್ತು. ನನ್ನ ಮುಖ ಕೆಟ್ಟದಾಗಿ ಬಂದಿರುತ್ತೆ. ನನಗೆ ಬೇಜಾರಾಗುತ್ತೆ ಅಂತ ನೀವು ಅವನಿಗೆ ರಜೆ ಇವನಿಗೆ ರಜೆ ಅಂತಿದೀರಿ. ನೀವು ಸುಳ್ಳು ಹೇಳಿದ್ರೆ ನನಗೆ ಗೊತ್ತಾಗಲ್ವಾ? ಉಸಿರು ಬಿಡದೆ ಹೇಳ್ತೀರ.”

“ಹಾಗಲ್ಲ ಟೀಚರಮ್ಮ —”

“ಇರ್ಲಿ ಬಿಡಿ. ಹಬ್ಬದ ದಿನ. ಆ ಪಕ್ಕದಾಕೆಗೂ ಹೇಳ್ಬಿಟ್ಟೆ, ಫೋಟೋ ಎಲ್ಲಾ ಏನೂ ಇಲ್ಲ ಅಂತ.”

ಇಟ್ಟುಬಿಟ್ಟರು.

ನನ್ನ ಒದ್ದೆ ಬಟ್ಟೆಯ ತಪ್ಪನ್ನು ತಮ್ಮ ಮುಖದ ಮೇಲೆ ಹಾಕಿಕೊಂಡಿದ್ದಾರೆ. ಮತ್ತೆ ಫೋನು ಮಾಡಿದೆ. ವಿಭಾ ತೆಗೆದಳು, ಅತ್ತೆ ಮಲಗಿದ್ದಾರೆ ಎಂದಳು. ಬೆಳಿಗ್ಗೆ ಹತ್ತು ಗಂಟೆಗೆ ಮಲಗುವ ಹೆಂಗಸೇ ಅದು?

ಅಕ್ಟೋಬರ್ 24, ಶುಕ್ರವಾರ

ನಾಲ್ಕು ದಿನದಿಂದ ಫೋನಿಗೆ ಸಿಕ್ಕಿಲ್ಲ. ಸಿಕ್ಕಿದರೂ ಫೋನಿನಲ್ಲಿ ಹೇಳಲಾಗದು. ನಾನು ಬಾಯಿಬಿಟ್ಟರೆ ಬೈಗುಳವೇ ಮೊದಲು ಬರುವುದು, ನಿಜ ಹಿಂದಿನಿಂದ. ಕಾಗದ ಬರೆಯಲು ಕೂತೆ. ‘ಟೀಚರಮ್ಮನವರಿಗೆ’ ಎಂದು ಬರೆದು ನಿಂತೆ. ಏನೇನು ಬರೆಯಲಿ? ಒರೆಸಿದ್ದು, ಓಕೆ ಎಂದದ್ದು, ಬೂದಿ, ಚಪ್ಪಲಿ. ಎಲ್ಲ ಇದರಲ್ಲಿ ಆಗಲೇ ಬರೆದಿದ್ದೇನಲ್ಲ.

ಇದನ್ನೇ ಕಳಿಸುತ್ತೇನೆ. ಟ್ರಂಕಿನಲ್ಲಿ, ಮೇಲೇ.

ಶೃತಿಯನ್ನು ಕರೆದು ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ತೆಗೆಸಿದೆ. ಕಸದ ಡಬ್ಬಿ ಎಂದು ಒಂದಿರುತ್ತದಂತೆ, ಅದನ್ನೂ ಖಾಲಿ ಮಾಡಿಸಿದೆ.

“ಅಜ್ಜಿ, ಒಂದು ಕಾಪಿ ಇರ್ಲಿ. ಅವ್ರು ಹರಿದು ಹಾಕಿದ್ರೆ?”

“ಹರೀಲಿ. ಅವ್ರ ಮುಖ.”

“ನಿನಗೆ ಬೇಡ್ವಾ?”

ಬೇಕು. ಅವಳಿಗೆ ಹೇಳಲಿಲ್ಲ. ಹೋಗಿ ಹಾಸಿಗೆ ಮಡಚು ಎಂದೆ.

ಪ್ರಿಂಟು, ಕಾರ್ಡು, ಎರಡನ್ನೂ ಒಂದು ಕವರಿನಲ್ಲಿ ಹಾಕಿದೆ. ಮುಖ ಒಳಗೆ.

ಅಕ್ಟೋಬರ್ 25, ಶನಿವಾರ. ಬೆಳಿಗ್ಗೆ

ಟೀಚರಮ್ಮ. ಇಲ್ಲಿಯವರೆಗೆ ಓದಿದ್ದೀರಿ, ಬೇರೆಯವರ ದಿನಚರಿ ಓದಲ್ಲ ಎಂದವರು. ಮೊದಲ ಹಾಳೆಯಲ್ಲಿ ಕೈಗೆ ಬೆಂಕಿ ಹಾಕ ಎಂದಿರುವುದು ನಿಮಗಲ್ಲ. ಉಪ್ಪಿನ ವಿಷಯ ನಿಮಗೇ. ಹೊಡೆದು ಹಾಕುವುದಿಲ್ಲ.

ನಿಮ್ಮ ಮುಖ ಕೆಟ್ಟದಾಗಿ ಬರಲಿಲ್ಲ. ನನ್ನ ಕೈ ಕೆಟ್ಟದ್ದು ಮಾಡಿತು, ಅಷ್ಟೆ. ಮೆಟ್ಟಿಲಿನದು ಹೋಯಿತು. ನೀವು ಅಳಿಸು ಎಂದದ್ದು ಉಳಿಯಿತು. ಕೊನೆಯ ಹಾಳೆಗೆ ಕವರು ಅಂಟಿಸಿದ್ದೇನೆ. ಬೇಸಿಗೆಯಲ್ಲಿ ನೋಡಿದ ಕಣ್ಣಿನಿಂದ ನೋಡಬೇಡಿ. ಮೊದಲು ಚಪ್ಪಲಿ ನೋಡಿ. ಆಮೇಲೆ ಕಾಗೆ. ಆಮೇಲೆ ನನ್ನನ್ನು ನೋಡಿ, ಎಷ್ಟು ಬೇಕಾದರೂ ನಗಿ. ಕೊನೆಗೆ ನಿಮ್ಮನ್ನು.

ಆಮೇಲೂ ಬೇಡವಾದರೆ ಹರಿಯಿರಿ. ಕಾರ್ಡನ್ನು ಒರಳಿಗೆ ಹಾಕಿ ಕುಟ್ಟಿ, ಸುಮ್ಮನೆ ಅಳಿಸಿದರೆ ಹೋಗುವುದಿಲ್ಲ ಅದು. ಇಲ್ಲಿ ಬೇರೆ ಯಾವುದೂ ಇಲ್ಲ. ನಿಮ್ಮ ಅರ್ಧ ಹರಿದುಕೊಂಡು ನನ್ನ ಅರ್ಧ ಕಳಿಸಿ ಎನ್ನೋಣವೆಂದರೆ ಅದೂ ಆಗುವ ಹಾಗಿಲ್ಲ. ನಿಮ್ಮ ಕೈ ನನ್ನ ತೋಳಿನ ಮೇಲಿದೆ.

ಇಟ್ಟುಕೊಂಡರೆ ಆ ಪಕ್ಕದಾಕೆಗೆ ತೋರಿಸಿ. ಯಾರು ಗೌರಮ್ಮ ಎಂದಳಲ್ಲ. ಚಪ್ಪಲಿ ಎಸೆದವಳು ಎನ್ನಿ.

ಗೇಟಿನ ಸದ್ದಾಯಿತು. ವಿಭಾ ಬಂದಳು ಅನಿಸುತ್ತದೆ. ಕೆಂಪು ಪೆನ್ನಿನಲ್ಲಿ ತಿದ್ದುವುದಾದರೆ ತಿದ್ದಿ, ಆದರೆ ಕೆಳಗೆ ಖಾಲಿ ಬಿಟ್ಟಿದ್ದೇನೆ, ಅಲ್ಲಿ ಉತ್ತರ ಬರೆದು ಪುಸ್ತಕ ವಾಪಸ್ ಕಳಿಸಿ. ನವೆಂಬರ್ ಹುಟ್ಟುವುದರೊಳಗೆ ಬರಬೇಕು. ಒಂದನೇ ತಾರೀಕು ಸರ್ಕಲ್ಲಿನಲ್ಲಿ ಬಾವುಟ ಏರುವ ಹೊತ್ತಿಗೆ ಬರದಿದ್ದರೆ ನಾನೇ ಬಸ್ಸು ಹತ್ತಿ ಮೈಸೂರಿಗೆ ಬಂದು, ನಿಮ್ಮ ವಿಭಾಳ ಮನೆ ಬಾಗಿಲಲ್ಲಿ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ —